ಹೊಯ್ಸಳ ರಾಜ್ಯವನ್ನು ಕಂಪ್ಯೂಟರ್ ಕೈಗೆ ಕೊಟ್ಟದ್ದು

ಕಂಪ್ಯೂಟರ್ ಕೈಗೆ ಒಂದು ದೇಶ ಕೊಟ್ಟು ನೋಡಿ, ನಗು ಬರುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಎರಡು ಸಾವಿರದ ನಂತರದ ಮೊದಲ ವರ್ಷಗಳಲ್ಲಿ ಅರಸೀಕೆರೆಯಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದಾಗ ಇಂಥವು ವಾರಕ್ಕೊಂದಾದರೂ ಆಗುತ್ತಿದ್ದವು. ನಾನು ಹಿಂದೆಂದೂ ಏನನ್ನೂ ಬರೆದವನಲ್ಲ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಹೆದರಿಕೆಯಿಂದ ಕೆಲವನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ.

ಆಟ ಹೀಗೆ. ತೆರೆಯ ಮೇಲೆ ಲೋಕದ ಭೂಪಟ ಇರುತ್ತದೆ. ಕಲ್ಪನೆಯದಲ್ಲ, ಶಾಲೆಯ ಗೋಡೆಗೆ ತೂಗುಹಾಕಿರುತ್ತಾರಲ್ಲ, ಅದೇ. ಅದರಲ್ಲಿ ಒಂದು ದೇಶ ನಮ್ಮದು, ಉಳಿದವನ್ನೆಲ್ಲ ಕಂಪ್ಯೂಟರೇ ಆಳುತ್ತದೆ. ಊರು ಕಟ್ಟುವುದು, ಸೈನ್ಯ ಸೇರಿಸುವುದು, ಯುದ್ಧ, ರಾಜಿ ಎಲ್ಲವೂ ಸರದಿಯ ಪ್ರಕಾರ. ಚದುರಂಗದ ಹಾಗೆ ಎಂದರೆ ಬೇಗ ತಿಳಿಯುತ್ತದೆ.

ತರಗತಿ ಮುಗಿದ ಮೇಲೆ ನಾವು ಇದನ್ನು ಆಡುತ್ತಿದ್ದೆವು. ಕಟ್ಟಡದ ಯಜಮಾನರಿಗೆ, ಅಂದರೆ ನಮ್ಮ ಕೆಳಗಿನ ಅಂಗಡಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಸಾಹುಕಾರರಿಗೆ, ಅದು ಸರಿಬರಲಿಲ್ಲ. ಒಂದು ದಿನ ಮೆಟ್ಟಿಲು ಹತ್ತಿ ಬಂದರು.

"ನೋಡಪ್ಪಾ, ನಂಗೆ ಚರಿತ್ರೆ ಪಾಠ ಹೇಳಿದ ಮೇಷ್ಟ್ರು ಹಳೇಬೀಡಲ್ಲಿ ಅವ್ರೆ. ಅವರನ್ನ ಕರಕೊಂಡು ಬತ್ತೀನಿ. ಅವರು ನೋಡಿ ಇದ್ರಲ್ಲಿ ಹುರುಳೈತೆ ಅಂದ್ರೆ ಇರ್ಲಿ. ಇಲ್ಲಾಂದ್ರೆ ಅವರ ಎದುರಿಗೇ ಅಳಿಸಿಬಿಡ್ಬೇಕು."

ಒಪ್ಪಿಕೊಂಡೆವು, ಆದರೆ ಅಳಿಸುವ ಮನಸ್ಸು ಇರಲಿಲ್ಲ. ಏಕೆಂದರೆ ಆ ಆಟ ನಮಗೆ ಬರೀ ಆಟವಾಗಿರಲಿಲ್ಲ. ಭೂಗೋಳದಲ್ಲಿ ನನಗೆ ಗೊತ್ತಿರುವ ಅರ್ಧ ಅದರಿಂದಲೇ ಬಂದದ್ದು. ಮೇಷ್ಟ್ರು ಬರುವವರೆಗಿನ ಮತ್ತು ಬಂದ ದಿನದ ಸಂಗತಿಗಳು ಇವು.

ಕೆರೆಯೊಳಗಿನ ನೌಕಾಪಡೆ

ಬಾಣಾವರದಿಂದ ದಿನವೂ ರೈಲಿನಲ್ಲಿ ಬಂದುಹೋಗುವ ರೈಲ್ವೆ ನೌಕರರೊಬ್ಬರು ನಮ್ಮಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದರು. ಕಲಿತದ್ದು ಕಡಿಮೆ, ಆಡಿದ್ದು ಹೆಚ್ಚು. ಒಮ್ಮೆ ನಾವು ಮೂವರೂ ಕೂತಿದ್ದಾಗ ಕಂಪ್ಯೂಟರ್ ಆಳುತ್ತಿದ್ದ ರಷ್ಯಾ ಯುದ್ಧದ ಹಡಗು ಕಟ್ಟಲು ಶುರುಮಾಡಿತು. ಕಟ್ಟಲಿ, ತಪ್ಪಿಲ್ಲ. ಆದರೆ ಕಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದಲ್ಲಿ. ಅದು ಹೆಸರಿಗೆ ಸಮುದ್ರ, ಸುತ್ತಲೂ ನೆಲ. ಆ ಭೂಪಟದಲ್ಲಿ ಅಲ್ಲಿಂದ ಹೊರಗೆ ದಾರಿಯೇ ಇಲ್ಲ. ದಡದ ಮೇಲಿರುವ ಊರೆಲ್ಲ ರಷ್ಯಾದ್ದೇ. ಆದರೂ ಪ್ರತಿ ಸರದಿಗೆ ಹೊಸದೊಂದು ಹಡಗು ನೀರಿಗಿಳಿಯುತ್ತಿತ್ತು, ಒಂದು ಸುತ್ತು ಹಾಕುತ್ತಿತ್ತು, ಬಂದು ನಿಲ್ಲುತ್ತಿತ್ತು.

ನಾನು ಇದು ಹೇಗೆ ತಪ್ಪು ಲೆಕ್ಕಾಚಾರ ಎಂದು ವಿವರಿಸತೊಡಗಿದೆ. ರೈಲ್ವೆಯವರು ತಡೆದರು.

"ತಪ್ಪೇನೈತೆ ಬಿಡ್ರೀ. ನಮ್ಮ ಜಂಕ್ಷನ್‌ನಾಗಿರೋ ಬೋಗಿ ಜೋಡಿಸೋ ಶಂಟಿಂಗ್ ಇಂಜಿನ್ನೂ ಹಂಗೇ. ಬೆಳಗಿಂದ ಸಂಜೆಗಂಟ ಓಡ್ತದೆ, ಊರು ದಾಟಿದ್ದು ನಾನಂತೂ ನೋಡಿಲ್ಲ."

ಬೀಗರ ಮುನಿಸು

ಇನ್ನೊಮ್ಮೆ ನಾನು ಭಾರತವನ್ನು ಆಳುತ್ತಿದ್ದೆ. ಇದ್ದಕ್ಕಿದ್ದಂತೆ ನಾರ್ವೆ ಕಡೆಯ ರಾಜ ತೆರೆಯ ಮೇಲೆ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು, ನಮ್ಮ ಮೇಲೆ ಯುದ್ಧ ಸಾರಿದ. ನಮಗೂ ಅವನಿಗೂ ಸಂಬಂಧವೇ ಇರಲಿಲ್ಲ. ಅವನ ಗೆಳೆಯನ ಗೆಳೆಯನಿಗೆ ನಾವು ಯಾವಾಗಲೋ ಏನೋ ಅಂದಿದ್ದೆವು, ಅಷ್ಟೇ. ನಾನು ಗಾಬರಿಯಿಂದ ಕರಾವಳಿಯುದ್ದಕ್ಕೂ ಕಾವಲು ಹಾಕಿದೆ. ಆಟದ ಲೆಕ್ಕದಲ್ಲಿ ಶತಮಾನಗಳೇ ಕಳೆದವು. ಒಬ್ಬ ಸೈನಿಕನೂ ಬರಲಿಲ್ಲ. ಕೊನೆಗೆ ಅದೇ ರಾಜ ನಗುಮುಖದಿಂದ ಬಂದು, ರಾಜಿಯಾಗೋಣ ಎಂದು ತಾನೇ ಒಂದಿಷ್ಟು ತುಪ್ಪಳದ ಚರ್ಮ ಕೊಡಲು ಮುಂದಾದ.

ಅಂದು ಆಟ ನಿಲ್ಲಿಸಲೆಂದೇ ಬಂದ ಸಾಹುಕಾರರು ಹಿಂದೆ ನಿಂತು ಇದನ್ನೆಲ್ಲ ನೋಡಿದ್ದರು.

"ಇವನು ನಮ್ಮ ಬೀಗರ ಕಡೆಯೋನೇ ಇರ್ಬೇಕು," ಅಂದರು. "ಮದ್ವೇಲಿ ಎಲೆ ಹಾಕಿದ್ದು ತಡ ಆಯ್ತು ಅಂತ ಮುನಿಸ್ಕೊಂಡ್ರು. ಮುನಿಸ್ಕೊಂಡಿದ್ದು ನಮಗೆ ಗೊತ್ತಾಗಿದ್ದೇ ಅವರು ರಾಜಿಗೆ ಬಂದಾಗ!"

ರಾಗಿ ಹೊಲ

ಕಂಪ್ಯೂಟರ್ ದೇಶಗಳಿಗೆ ಗಡಿ ಎಂಬುದು ತಿಳಿಯುವುದಿಲ್ಲ. ಅವರ ಸೈನ್ಯ ಕೇಳದೆಯೇ ನಮ್ಮ ನೆಲದಲ್ಲಿ ಅಡ್ಡಾಡುತ್ತದೆ. ಹೊರಡಿ ಎಂದರೆ ಅವರ ರಾಜ ತುಂಬ ವಿನಯದಿಂದ ಕ್ಷಮೆ ಕೇಳಿ ಹಿಂದೆ ಕರೆಸಿಕೊಳ್ಳುತ್ತಾನೆ. ಮುಂದಿನ ಸರದಿಗೆ ಅದೇ ಸೈನ್ಯ ಇನ್ನೊಂದು ಮೂಲೆಯಿಂದ ಒಳಗೆ.

ಗೆಂಡೆಹಳ್ಳಿಯವನಾದ ನನ್ನ ಗೆಳೆಯ, ಕೇಂದ್ರದ ಪಾಲುದಾರ, ಇದನ್ನು ಕಂಡು ತಲೆ ಆಡಿಸಿದ. "ನಮ್ಮ ರಾಗಿ ಹೊಲಕ್ಕೆ ನುಗ್ಗೋ ಪಕ್ಕದ ಹೊಲದೋರ ಎಮ್ಮೆ ಕಣ್ಲಾ ಇದು. ಒಂದೇ ವ್ಯತ್ಯಾಸ. ಎಮ್ಮೆ ಕ್ಷಮೆ ಕೇಳಲ್ಲ."

ಸೈಬೀರಿಯಾದಲ್ಲಿ ಬಾಣಾವರ

ಈ ಆಟದಲ್ಲಿ ನಮಗೆ ಬೇಕಾದ ರಾಜ್ಯವನ್ನು ನಾವೇ ಸೇರಿಸಬಹುದಿತ್ತು. ಹಳೇಬೀಡಿನ ಮೇಷ್ಟ್ರು ಬರುತ್ತಾರೆ ಎಂದ ಮೇಲೆ ಯೋಚಿಸುವುದೇನು? ಹೊಯ್ಸಳರನ್ನು ಸೇರಿಸಿದೆವು. ಲೋಕದ ಭೂಪಟದ ಮೇಲೆ, ರೋಮ್, ಚೀನಾಗಳ ಸಾಲಿನಲ್ಲಿ ನಮ್ಮವರು! ಆ ಹೆಸರು ತೆರೆಯ ಮೇಲೆ ಮೂಡಿದಾಗ ನನಗೆ ಮೈ ಜುಮ್ಮೆಂದದ್ದು ಈಗಲೂ ನೆನಪಿದೆ.

ಜಗಳ ಶುರುವಾದದ್ದು ರಾಜಧಾನಿಯ ವಿಷಯದಲ್ಲಿ. ಭೂಪಟವನ್ನು ಚೌಕಗಳಾಗಿ ಮಾಡಿರುತ್ತಾರೆ, ಒಂದು ಚೌಕಕ್ಕೆ ಒಂದೇ ಊರು. ಲೋಕವೆಲ್ಲ ಒಂದೇ ತೆರೆಯಲ್ಲಿ ಹಿಡಿಯಬೇಕಾದ್ದರಿಂದ ಚೌಕ ಬಲು ದೊಡ್ಡದು. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಒಂದೇ ಚೌಕದೊಳಗೆ.

"ಹಳೇಬೀಡಿಗಿಂತ ಮೊದಲು ರಾಜಧಾನಿ ಬೇಲೂರೇ ಕಣ್ಲಾ," ಎಂದ ಗೆಳೆಯ. ಗೆಂಡೆಹಳ್ಳಿ ಬೇಲೂರು ತಾಲ್ಲೂಕು.

"ಬೇಲೂರಿಗೆ ರೈಲೈತೇನ್ರೀ?" ಎಂದರು ರೈಲ್ವೆಯವರು. "ಸೈನ್ಯ ಹೋಗೋದು ಹೆಂಗೆ? ಅರಸೀಕೆರೆ ಮಾಡ್ರಿ, ಜಂಕ್ಷನ್ನು."

ಕೊನೆಗೆ ದೋರಸಮುದ್ರ, ಅಂದರೆ ಹಳೇಬೀಡೇ ರಾಜಧಾನಿ ಎಂದು ಒಮ್ಮತವಾಯಿತು. ಚರಿತ್ರೆಯನ್ನು ಗೌರವಿಸಿ ಅಲ್ಲ, ತೀರ್ಪು ಹೇಳುವವರು ಹಳೇಬೀಡಿನವರು ಎಂದು.

ಆಮೇಲೆ ರಾಜ ಯಾರಾಗಬೇಕೆಂಬ ಜಗಳ. ಮೂವರೂ ಬಿಟ್ಟುಕೊಡಲಿಲ್ಲ. ಕಂಪ್ಯೂಟರ್‌ಗೇ ಪಟ್ಟ ಕಟ್ಟಿದೆವು. ನಾನು ದೂರದ ಒಂದು ದ್ವೀಪ ಹಿಡಿದು, ಆಟದ ಗೂಢಚಾರರ ಮೂಲಕ ಅವರ ಊರುಗಳೊಳಗೆ ಸುಮ್ಮನೆ ನೋಡುತ್ತ ಕೂರುವುದೆಂದಾಯಿತು. ಕಂಪ್ಯೂಟರ್ ರಾಜನ ಸ್ವಭಾವವನ್ನು ಮಾತ್ರ ನಾವು ಮೊದಲೇ ನಿಗದಿಮಾಡಬಹುದಿತ್ತು. ನಮ್ಮ ರಾಜನಲ್ಲವೇ? ಜಗಳಗಂಟತನ ತೀರ ಕಡಿಮೆ ಇಟ್ಟೆವು. ಕಟ್ಟಲು ಇಷ್ಟವಾದದ್ದು ಯಾವುದು ಎಂಬಲ್ಲಿ ದೇವಸ್ಥಾನ ಎಂದು ಹಾಕಿದೆವು.

"ಸೈನ್ಯ?" ಎಂದು ಕೇಳಿದೆ.

"ಹೊಯ್ಸಳರಿಗೆ ಯುದ್ಧ ನಾವು ಹೇಳಿಕೊಡ್ಬೇಕೇನ್ಲಾ?" ಎಂದ ಗೆಳೆಯ. ಅಲ್ಲಿಗೇ ಬಿಟ್ಟೆವು.

ರಾಜಧಾನಿ ನೆಟ್ಟಗೆ ಅದರ ಜಾಗದಲ್ಲೇ ಎದ್ದಿತು. ಉಳಿದ ಊರುಗಳಿಗೆ ಹೆಸರು ನಾವು ಕೊಟ್ಟಿದ್ದೆವು, ಜಾಗ ಹುಡುಕುವುದು ಕಂಪ್ಯೂಟರ್ ಕೆಲಸ. ಅದಕ್ಕೆ ಲೋಕದಲ್ಲಿ ಎಲ್ಲಿ ಖಾಲಿ ಚೌಕ ಕಂಡರೂ ಆಸೆ. ಬೇಲೂರು ಬಂಗಾಳ ಕೊಲ್ಲಿಯ ಆಚೆ ಬರ್ಮಾದ ದಡಕ್ಕೆ ಹೋಯಿತು. ಅರಸೀಕೆರೆ ಅರಬ್ಬರ ಮರಳುಗಾಡಿನಲ್ಲಿ ಎದ್ದಿತು. ಬಾಣಾವರ ಸೈಬೀರಿಯಾದ ಹಿಮದೊಳಗೆ.

"ಬೇಲೂರಿಗೆ ಹಡಗಲ್ಲಿ ಹೋಗ್ಬೇಕಲ್ಲೋ!" ಎಂದು ಗೆಳೆಯ ತಲೆ ಮೇಲೆ ಕೈ ಹೊತ್ತ.

ರೈಲ್ವೆಯವರು ಬಿಳಿ ಹಿಮದ ನಡುವಿನ ಬಾಣಾವರವನ್ನು ಬಹಳ ಹೊತ್ತು ನೋಡಿದರು. ಮಾರನೆಯ ದಿನ ಬಿರುಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಬಂದರು. ಏನ್ರೀ ಇದು ಎಂದರೆ, "ಊರು ಬದಲಾಗೈತಲ್ರೀ," ಅಂದರು.

ಮೇಷ್ಟ್ರು ಬಂದದ್ದು

ಮೇಷ್ಟ್ರು ಬಿಳಿ ಪಂಚೆಯುಟ್ಟು ಸಾಹುಕಾರರ ಜೊತೆ ಬಂದು ಕುರ್ಚಿಯಲ್ಲಿ ಕೂತರು. ಆಟ ಆಗಲೇ ನಡೆದಿತ್ತು. ಕನ್ನಡಕ ಸರಿಮಾಡಿಕೊಂಡರು.

"ಇವರು ಹೊಯ್ಸಳರೇನಪ್ಪಾ?"

"ಹೌದು ಸಾರ್."

"ನಡೆಸ್ತಿರೋದು?"

"ಕಂಪ್ಯೂಟರ್ ಸಾರ್."

"ಅದಕ್ಕೆ ಚರಿತ್ರೆ ಗೊತ್ತೋ?"

"ಇಲ್ಲ ಸಾರ್."

"ಒಳ್ಳೇದೇ ಆಯ್ತು. ಉತ್ತರದ ಸೈನ್ಯ ಬಂದು ದೋರಸಮುದ್ರ ಹಾಳುಮಾಡಿದ್ದು ಗೊತ್ತಿದ್ದಿದ್ರೆ ಹೆದರಿಕೊಳ್ತಿತ್ತು."

ದೋರಸಮುದ್ರದ ಮೇಲೆ ಒತ್ತಿ ಒಳಗೆ ತೋರಿಸಿದೆ. ದೇವಸ್ಥಾನ ಇತ್ತು, ಪಾಠಶಾಲೆ ಇತ್ತು, ಗ್ರಂಥಾಲಯವೂ ಇತ್ತು. ಮೇಷ್ಟ್ರ ಮುಖ ಅರಳಿತು. "ಸೈನ್ಯ ಎಲ್ಲಪ್ಪಾ?" ಎಂದರು. ಇದ್ದದ್ದು ಒಬ್ಬ ಈಟಿಗಾರ. ಗೆಳೆಯ ಸೂರು ನೋಡತೊಡಗಿದ.

ಅದೇ ಹೊತ್ತಿಗೆ ಮಂಗೋಲರು ಹೊಯ್ಸಳರ ಮೇಲೆ ಯುದ್ಧ ಸಾರಿದರು. ಅವರೂ ಕಂಪ್ಯೂಟರ್ ಆಳುವವರೇ. ಖಾಲಿ ಚೌಕ ಹುಡುಕುತ್ತ ಬಂದು ನಮ್ಮ ಗಡಿಗೆ ಅಂಟಿಕೊಂಡೇ ಒಂದು ಊರು ಕಟ್ಟಿದ್ದರು. ಆ ಊರಿನೊಳಗೆ ಅವರ ಕುದುರೆ ಸೈನ್ಯವೆಲ್ಲ ಬಂದು ಸೇರಿತು. ಮುಂದಿನ ಸರದಿಗೆ ದೋರಸಮುದ್ರದ ಮೇಲೆ ದಾಳಿ.

ಸಾಹುಕಾರರು ಎದ್ದರು. "ಮುಗೀತಲ್ಲ ಮೇಷ್ಟ್ರೇ. ಅಳಿಸಿಬಿಡ್ಲಿ ತಾನೇ?"

"ಕೂತ್ಕೊಳಯ್ಯಾ," ಎಂದರು ಮೇಷ್ಟ್ರು, ತರಗತಿಯಲ್ಲಿ ಹೇಳುವ ಹಾಗೆಯೇ. ಸಾಹುಕಾರರು ಕೂತರು. "ಒತ್ತಪ್ಪಾ."

ಸರದಿ ಮುಗಿಸುವ ಗುಂಡಿಗೆ ಬೆರಳಿಟ್ಟೆ. ಒತ್ತಿದೆ. ತೆರೆಯ ಮೇಲೆ ಒಂದು ಸುದ್ದಿ ಬಂತು. ಓದಿ ಕನ್ನಡದಲ್ಲಿ ಹೇಳಿದೆ: "ಹೊಯ್ಸಳರ ಸಂಸ್ಕೃತಿಗೆ ಮನಸೋತು ಆ ಊರಿನ ಜನ ಮಂಗೋಲರನ್ನು ಬಿಟ್ಟು ನಮ್ಮ ಕಡೆ ಸೇರಿದ್ದಾರೆ."

ಇದು ಆಟದ ನಿಯಮ, ನಾನು ಕಟ್ಟಿ ಹೇಳುತ್ತಿಲ್ಲ. ದೇವಸ್ಥಾನ, ಪಾಠಶಾಲೆ ಹೆಚ್ಚಿರುವ ಕಡೆಗೆ ಪಕ್ಕದ ಊರು ತಾನಾಗಿ ವಾಲಬಹುದು. ಹಾಗೆ ವಾಲಿದಾಗ ಒಳಗಿದ್ದ ಹಳೆಯ ಸೈನ್ಯ ಮಾಯವಾಗುತ್ತದೆ. ಕುದುರೆ, ಬಿಲ್ಲು, ಸರದಾರ, ಯಾರೂ ಉಳಿಯಲಿಲ್ಲ. ನಮ್ಮ ಈಟಿಗಾರ ಕೂತಲ್ಲಿಂದ ಎದ್ದಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಈಗಾದ್ರೂ ನಿಮ್ಮ ರಾಜ ಆ ಊರಿಗೆ ಸೈನ್ಯ ಕಳಿಸ್ತಾನೇನೋ ನೋಡಪ್ಪಾ," ಎಂದರು ಸಾಹುಕಾರರು. ಹೊಸ ಊರಿನಲ್ಲಿ ಏನು ಕಟ್ಟಿಸಲು ಅಪ್ಪಣೆಯಾಗಿದೆ ಎಂದು ತೆರೆದು ನೋಡಿದೆ. ದೇವಸ್ಥಾನ.

ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ನಮ್ಮೋರೇ ಕಣಯ್ಯಾ! ಅನುಮಾನವೇ ಬೇಡ!"

ನಾನು ಸಾಹುಕಾರರ ಮುಖ ನೋಡಿದೆ. ಮೇಷ್ಟ್ರ ತೀರ್ಪು ಬಂದಾಗಿತ್ತು, ಒಪ್ಪುವುದು ಸಾಹುಕಾರರಿಗೆ ಬಿಟ್ಟದ್ದು. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು, ಬಾಗಿಲ ಹತ್ತಿರ ಹೋಗಿ, ತಿರುಗಿ ನಿಂತರು.

"ಆಟ ಇರ್ಲಿ. ಹಳೇಬೀಡಿನ ದೇವಸ್ಥಾನಕ್ಕಂತೂ ಶಿಖರ ಕಟ್ಟದೇ ಬಿಟ್ಟುಬಿಟ್ರು. ಈ ರಾಜನಾದ್ರೂ ಶಿಖರ ಏರಿಸೋಗಂಟ ಯಾರೂ ಸ್ವಿಚ್ ಆರಿಸ್ಬೇಡ್ರಿ!"