ನೋಡಿದ ಮೇಲೆ ಎಲ್ಲರಿಗೂ ಗೊತ್ತಿತ್ತು

ಪೀಣ್ಯದ ನಮ್ಮ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಬೋರ್ಡಿನ ಎಡಕ್ಕೆ, ಬಾಗಿಲಿಗೆ ಬೆನ್ನು ಹಾಕಿ ನಾನು ನಿಂತಿದ್ದೆ. ಸೋಮವಾರ ಬೆಳಿಗ್ಗೆ, ಚಹಾ ಇನ್ನೂ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲೇ ಹೇಳದ ಯಾವ ಮಾತನ್ನೂ ನಮ್ಮ ಮೇಷ್ಟ್ರು ನಂಬುತ್ತಿರಲಿಲ್ಲ!

ಮೇಷ್ಟ್ರು ಎಂದರೆ ಪಾಠ ಮಾಡಿದವರಲ್ಲ. ನಾವು ತಯಾರಿಸಿದ ಹೊಸ ರಾಸಾಯನಿಕಕ್ಕೆ ಪೇಟೆಂಟ್ ಕೇಳಬಹುದೇ, ಇಲ್ಲ ಅದು ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದೇ ಎಂದು ತೀರ್ಮಾನಿಸುವುದು ಅವರ ಕೆಲಸ. ಆ ಕೆಲಸವನ್ನು ಕ್ಯಾಂಟೀನಿಗೂ ತರುತ್ತಿದ್ದರು. ಮೆಣಸಿನಕಾಯಿ ಬಜ್ಜಿ ಕಚ್ಚಿ ಯಾರಾದರೂ "ಖಾರ ಅಂತ ಗೊತ್ತಿತ್ತು" ಎಂದರೆ ಮುಗಿಯಿತು.

"ಗೊತ್ತಿದ್ರೆ ಯಾಕ್ರೀ ಕಚ್ಚಿದ್ರಿ?"

ಮನೆಯಲ್ಲಿ ಪತ್ತೇದಾರಿ ಸಿನಿಮಾವನ್ನು ಮುಗಿಯುವ ಮುಂಚೆ ನಿಲ್ಲಿಸಿ, ಕೊಲೆಗಾರ ಯಾರೆಂದು ಎಲ್ಲರ ಬಾಯಲ್ಲೂ ಹೇಳಿಸಿಯೇ ಮುಂದಕ್ಕೆ ಬಿಡುತ್ತಿದ್ದರಂತೆ. ಅವರ ಜೊತೆ ಟಿ.ವಿ. ನೋಡಲು ಮನೆಯ ಬೆಕ್ಕೂ ಒಪ್ಪುತ್ತಿರಲಿಲ್ಲ!

ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಸಂಯುಕ್ತವೊಂದನ್ನು ನಾನು ಮಾಡಿದ್ದೆ. ಹಳೆಯದರಲ್ಲಿ ಅಣುವಿನ ತುದಿಗಿದ್ದ ಪರಮಾಣುಗಳ ಒಂದು ಕೊಂಬೆಯನ್ನು ನಡುವಿಗೆ ತಂದಿದ್ದೆ, ಅಷ್ಟೇ. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿತು. ಫಲಿತಾಂಶ ನೋಡಿದ ಮ್ಯಾನೇಜರ್, "ಇಷ್ಟೇನಾ? ಯಾರ್ ಬೇಕಾದ್ರೂ ಮಾಡ್ತಿದ್ರು. ಇದನ್ನ ನಿಲ್ಸಿ, ನೀವು ಪ್ಯಾಕಿಂಗ್‌ಗೆ ಹೋಗಿ" ಎಂದರು.

ಮೇಷ್ಟ್ರು ಫಲಿತಾಂಶವನ್ನೇ ಕಾಣದ ಇಬ್ಬರು ರಸಾಯನಜ್ಞರನ್ನು ನಮ್ಮ ಅತ್ತಿಬೆಲೆ ಘಟಕದಿಂದ ಕರೆಸಿದರು: ಶಿವಲೀಲಾ ಮೇಡಂ ಮತ್ತು ನಂಜುಂಡ. ಆ ಸೋಮವಾರ ಬೆಳಿಗ್ಗೆ ನನ್ನ ಮತ್ತು ಮ್ಯಾನೇಜರ್ ಎದುರಿಗೇ ಕಿಟಕಿ ಮುಚ್ಚಿಸಿ, ಬೋರ್ಡಿನ ಮೇಲೆ ಹಳೆಯ ಸಂಯುಕ್ತ ಬರೆದು, "ಈ ಕೊಂಬೆ ನಡುವಿಗೆ ತಂದ್ರೆ?" ಎಂದರು.

ಮೇಡಂ ಗೊಳ್ಳೆಂದು ನಕ್ಕರು. "ಅಯ್ಯೋ ಸಾರ್, ಕಬ್ಬಿಣಕ್ಕೆ ಅಂಟೋದೇ ಇಲ್ಲ! ಯಾವ ಪುಣ್ಯಾತ್ಮ ಮಾಡ್ತಾನೆ?"

"ಮಾಡ್ದೋನ್ ಸಿಕ್ರೆ ಕಾಲಿಗ್ ಬೀಳ್ತೀನಿ ಸಾರ್!" ಎಂದ ನಂಜುಂಡ.

ನಾನು ನೆಲ ನೋಡಿದೆ. ಮೇಷ್ಟ್ರು ಮ್ಯಾನೇಜರ್ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನೋಡೋಕ್ ಮುಂಚೆ ನಗ್ತಾರೆ. ನೋಡಿದ್ ಮೇಲೆ, ಗೊತ್ತಿತ್ತು ಅಂತಾರೆ."

ಅರ್ಜಿ ಹೋಯಿತು, ಪೇಟೆಂಟ್ ಬಂತು. ನಾನು ಇಂದಿಗೂ ಅದೇ ಪ್ರಯೋಗಾಲಯದಲ್ಲಿದ್ದೇನೆ. ಅದು ಅವರು ಉಳಿಸಿಕೊಟ್ಟ ಅನ್ನ.

ಕಳೆದ ತಿಂಗಳು ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತ ಮೇಷ್ಟ್ರು ಮತ್ತೆ ಏಳಲಿಲ್ಲ. ಲಗ್ಗೆರೆಯ ಅವರ ಮನೆಯಲ್ಲಿ ಸೇರಿದವರೆಲ್ಲ, "ಮುಖ ನೋಡಿದ್ರೇ ಗೊತ್ತಾಗ್ತಿತ್ತು ಕಣ್ರೀ" ಎನ್ನುತ್ತಿದ್ದರು. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕಾದವರು ಚಾಪೆಯ ಮೇಲೆ ಮಲಗಿದ್ದರು.

ಶಿವಲೀಲಾ ಮೇಡಂ ಮಾತ್ರ ಪಕ್ಕಕ್ಕೆ ಬಂದು, "ನಂಗ್ ಗೊತ್ತಿರ್ಲಿಲ್ಲ ಸಾರ್" ಎಂದರು.

ನನಗೂ ಗೊತ್ತಿರಲಿಲ್ಲ. ಎದುರಿಗೇ ಕುಳಿತು ಅನ್ನ ಕಲಸುತ್ತಿದ್ದೆ.

ಅಂದು ಬೋರ್ಡಿನ ಮುಂದಿದ್ದವರಲ್ಲಿ ಮ್ಯಾನೇಜರ್ ಇದ್ದಾರೆ, ನಂಜುಂಡ ಇದ್ದಾನೆ, ಶಿವಲೀಲಾ ಮೇಡಂ ಇದ್ದಾರೆ. ಫಲಿತಾಂಶ ನೋಡುವ ಮುಂಚೆ ನನ್ನ ಕೆಲಸಕ್ಕೆ ಎಷ್ಟು ನಗು ಬಿತ್ತೆಂದು ಬೇಕಿದ್ದರೆ ಅವರನ್ನೇ ಕೇಳಿ ನೋಡಿ.