ರಕ್ತ ಎಷ್ಟೊತ್ತಿಗೆ ನಿಲ್ತೈತ್ರಿ?

ನಮ್ಮ ದೊಡ್ಡಮ್ಮನನ್ನು ಮದುವೆಗೆ ಕರೆಯಲು ಐದು ತಾಲ್ಲೂಕಿನ ಜನ ಹೆದರುತ್ತಾರೆ. ಕರೆಯದಿದ್ದರೂ ಬರುತ್ತಾಳೆ, ಆ ಮಾತು ಬೇರೆ! ಬಂದವಳು ಮದುಮಗಳ ಸೀರೆ ನೋಡುವುದಿಲ್ಲ, ಅಡುಗೆಯಲ್ಲಿ ಹುಳುಕು ಹುಡುಕುವುದಿಲ್ಲ. ಪಕ್ಕದ ಕುರ್ಚಿಯವರನ್ನು ಹಿಡಿದು, “ನಿಮಗ ಗಾಯ ಆದ್ರ ರಕ್ತ ಎಷ್ಟೊತ್ತಿಗೆ ನಿಲ್ತೈತ್ರಿ?” ಎಂದು ಕೇಳುತ್ತಾಳೆ. ಅವರ ಬಾಯಿಗೆ ಹೊರಟ ಲಾಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಇದಕ್ಕೆಲ್ಲ ಕಾರಣ ನಾನೇ. ನನ್ನ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಹುಟ್ಟಿನಿಂದ ಬಂದ ತೊಂದರೆ, ಹಿಮೋಫಿಲಿಯಾ ಎನ್ನುತ್ತಾರೆ. ಮೊಣಕಾಲಿಗೆ ಸಣ್ಣ ಪೆಟ್ಟು ಬಿದ್ದರೂ ಒಳಗೇ ರಕ್ತ ತುಂಬಿ ಕುಂಬಳಕಾಯಿಯಾಗುತ್ತದೆ. ಅದಕ್ಕೆ ಕೊಡುವ ಇಂಜೆಕ್ಷನ್ ಇದ್ದದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ದೊಡ್ಡ ಆಸ್ಪತ್ರೆಯಲ್ಲಿ. ಅದು ನಮ್ಮೂರಲ್ಲೇ ಸಿಗಬೇಕು ಎಂದು ದೊಡ್ಡಮ್ಮ ಆರೋಗ್ಯ ಇಲಾಖೆಯ ಕಚೇರಿಗೆ ನುಗ್ಗಿದಳು.

“ನಿಮ್ಮ ಕಡೆ ಇಂಥ ರೋಗಿ ಒಬ್ಬರೇ ಇರೋದಮ್ಮ. ಒಬ್ಬರಿಗೋಸ್ಕರ ಸರ್ಕಾರದ ಹತ್ತಿರ ಹಣ ಹೆಂಗೆ ಕೇಳೋದು?” ಎಂದರು ಸಾಹೇಬರು.

“ಒಬ್ಬನ ಅಂತ ಎಣಿಸಿದೋರು ಯಾರ್ರಿ?”

ಯಾರೂ ಎಣಿಸಿರಲಿಲ್ಲ. ಸರಿ, ಇವಳೇ ಹೊರಟಳು!

ಅವಳ ತಲೆ ನೋಡಿ! ಡಾಕ್ಟರುಗಳ ಬಳಿ ಹೋಗಲಿಲ್ಲ, ಕಟಿಂಗ್ ಶಾಪುಗಳಿಗೆ ಹೋದಳು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಒಂದನ್ನೂ ಬಿಡಲಿಲ್ಲ. ಮುಖಕ್ಕೆ ನೊರೆ ಬಳಿದುಕೊಂಡ ಗಂಡಸರ ನಡುವೆ ಸೆರಗು ಬಿಗಿದು ನಿಂತು, “ಬ್ಲೇಡು ತಾಗಿದ್ರ ರಕ್ತ ನಿಲ್ಲದೋರು ಯಾರಾದ್ರೂ ಅದಾರೇನ್ರಪ?” ಎಂದು ವಿಚಾರಣೆ. ಹರಪನಹಳ್ಳಿಯಲ್ಲಿ ಒಬ್ಬ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದನಂತೆ!

ಆದರೆ ಹಡಗಲಿಯ ಅಂಗಡಿಯಲ್ಲಿದ್ದ ಮುದುಕ ಕತ್ತರಿ ಕೆಳಗಿಟ್ಟ. “ಮಾಗಳದಾಗ ಅಣ್ಣತಮ್ಮ ಇಬ್ಬರು ಅದಾರಮ್ಮ. ಅವರಿಗೆ ನಾನು ಬ್ಲೇಡ ಮುಟ್ಟಿಸಂಗಿಲ್ಲ.”

ಹೀಗೆ ಒಬ್ಬೊಬ್ಬರೇ ಸಿಕ್ಕರು. ಬಾಗಳಿಯ ಬೈಕ್ ಮೆಕ್ಯಾನಿಕ್, ಹೆರಿಗೆಯಲ್ಲಿ ರಕ್ತ ನಿಲ್ಲದೆ ಬದುಕಿದ್ದೇ ಹೆಚ್ಚಾಗಿದ್ದ ಕೂಡ್ಲಿಗಿಯ ಹೆಂಗಸು. ಎಲ್ಲರಿಗೂ ಪರೀಕ್ಷೆ ಮಾಡಿಸಿ, ಕಾಯಿಲೆ ಖಾತ್ರಿಯಾದವರನ್ನು ಒಂದು ಟೆಂಪೋದಲ್ಲಿ ತುಂಬಿಕೊಂಡು ಹೋಗಿ ಸಾಹೇಬರ ಕೋಣೆಯಲ್ಲಿ ಇಳಿಸಿದಳು. ಕುರ್ಚಿ ಸಾಲಲಿಲ್ಲ.

“ಇಷ್ಟು ಜನಾನಾ!”

“ಹೌದ್ರಿ. ನಿಮ್ಮ ಮೇಜಿನ ಮೂಲಿ ಬ್ಯಾರೆ ಭಾಳ ಚೂಪು ಐತಿ. ಯಾರಿಗಾದ್ರೂ ತಾಗಿದ್ರ ನೀವ ನೋಡ್ಕಾಬೇಕು.”

ಸಾಹೇಬರು ಎರಡೂ ಕೈಗಳಿಂದ ಮೇಜಿನ ಮೂಲೆಗಳನ್ನು ಮುಚ್ಚಿ ಹಿಡಿದೇ ಪೂರ್ತಿ ಅಹವಾಲು ಕೇಳಿದರು. “ಮೊದಲು ಒಂದು ಊರಿಗೆ ಹಣ ಕೇಳೋಣ” ಎಂದದ್ದಕ್ಕೆ ದೊಡ್ಡಮ್ಮ, “ಗಾಯ ಏನು ಊರು ನೋಡಿ ಆಗ್ತೈತೇನ್ರಿ? ಐದಕ್ಕೂ ಬರೀರಿ” ಎಂದಳು. ಬರೆದರು! ಕೆಲವು ತಿಂಗಳಲ್ಲಿ ಐದು ಊರಿಗೂ ಔಷಧಿಗೆ, ನರ್ಸ್‌ಗಳ ತರಬೇತಿಗೆ ಹಣ ಬಂತು. ಆದರೆ ನಮ್ಮೂರ ಆಸ್ಪತ್ರೆಯಲ್ಲಿ ಔಷಧಿ ಇಡಲು ಫ್ರಿಜ್ಜೇ ಇಲ್ಲ, ಅದು ಮುಂದಿನ ವರ್ಷ ಎಂದರು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಫ್ರಿಜ್ಜು ಲಗೇಜ್ ಆಟೋ ಹತ್ತಿತು. ಒಳಗಿನ ಮೊಸರು ಕೂಡ ತೆಗೆದಿರಲಿಲ್ಲ.

“ಔಷಧಿಗೆ ಬೇರೆ ಥರದ್ದೇ ಬೇಕಮ್ಮ” ಎಂದರು ಡಾಕ್ಟರು.

“ಅದು ಬರೋತನಕ ಇದು ಇಲ್ಲೇ ನಿಂದ್ರತೈತಿ!”

ಬಾಗಿಲಿಗೆ ಅಡ್ಡ ನಿಂತ ಫ್ರಿಜ್ಜನ್ನು ಸುತ್ತುಹಾಕಿ ಸುತ್ತುಹಾಕಿ ಸಾಕಾಗಿ ಅವರೇ ಫೋನು ಮಾಡಿರಬೇಕು. ಹದಿನೈದು ದಿನದಲ್ಲಿ ಹೊಸದು ಬಂತು.

ಹೋದ ತಿಂಗಳು ಬಚ್ಚಲಲ್ಲಿ ಜಾರಿಬಿದ್ದೆ. ದೊಡ್ಡಮ್ಮ ಆಟೋದಲ್ಲಿ ಕೂರಿಸಿಕೊಂಡು ನಮ್ಮೂರ ಆಸ್ಪತ್ರೆಗೇ ಕರೆದೊಯ್ದಳು. ಅರ್ಧ ಗಂಟೆಯೊಳಗೆ ಇಂಜೆಕ್ಷನ್ ಆಯಿತು. ಹೊರಬಂದರೆ ಅವಳು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

“ಯಾಕ ದೊಡ್ಡಮ್ಮ?”

“ನಿಮ್ಮ ಮಾವಗೂ ಇದ ಇತ್ತಪ.”

ಅವಳ ತಮ್ಮ, ನನ್ನ ಸೋದರಮಾವ, ನಾನು ಹುಟ್ಟುವ ಮುಂಚೆಯೇ ಹೋದವನು. ಜ್ವರ ಬಂದು ತೀರಿಕೊಂಡ ಎಂದೇ ನಮಗೆಲ್ಲ ಹೇಳಿದ್ದರು.

“ಹಲ್ಲು ಕೀಳಿಸಿದ್ದಷ್ಟ, ರಕ್ತ ನಿಲ್ಲಲಿಲ್ಲ. ಬಸ್ಸಿನಾಗ ನನ್ನ ತೊಡಿ ಮ್ಯಾಲೆ ತಲಿ ಇಟ್ಟು, ‘ಅಕ್ಕಾ, ಇನ್ನೂ ಎಷ್ಟು ದೂರ ಐತಿ?’ ಅಂತ ಕೇಳತಿದ್ದ. ‘ಬಂತಪ, ಇಲ್ಲೇ ಐತಿ’ ಅಂತ ಸುಳ್ಳು ಹೇಳತಿದ್ದೆ.”

ಎದ್ದು ಹೊರಟೆವು. ಗೇಟು ದಾಟುವಾಗ ನನ್ನ ಕೈ ಹಿಡಿದುಕೊಂಡಳು. ಎರಡು ಮಕ್ಕಳ ತಂದೆ ನಾನು, ರಸ್ತೆಯಲ್ಲಿ ಗುರುತಿನವರು ನೋಡುತ್ತಿದ್ದರು. ಆದರೂ ಮನೆ ಮುಟ್ಟುವ ತನಕ ನಾನು ಕೈ ಬಿಡಿಸಿಕೊಳ್ಳಲಿಲ್ಲ.