ಹದಿನೆಂಟು ಬಕೆಟ್ಟಿನ ಬೇಸಾಯ

"ಬೇನಜೀರ, ಬರದಿಟ್ಕೋ! ಈ ವರ್ಷ ನಮ್ಮ ಮನಿ ಖಾರಪುಡಿ, ಬೀಜ ಊರೋದರಿಂದ ಹಿಡದು ಗಿರಣಿಗೆ ಹಾಕೋಮಟ, ಎಲ್ಲಾ ನನ್ನ ಕೈಲೆನ!"

ಹೀಗೆಂದು ನಾನು ಕಳೆದ ಆಗಸ್ಟಿನಲ್ಲಿ ಫೋನಿನಲ್ಲಿ ಗುಡುಗಿದೆ. ಆ ಕಡೆಯಿಂದ ನಗು ಕೇಳಿಸಿತು. ಬೇನಜೀರ ನನ್ನ ಹೆಂಡತಿ. ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಟೀಚರ್. ಮದುವೆಯಾಗಿ ಎರಡು ವರ್ಷ. ಅದರಲ್ಲಿ ಒಂದೂವರೆ ವರ್ಷ ಅವಳು ಅಲ್ಲಿ, ನಾನು ಇಲ್ಲಿ ರಾಣೇಬೆನ್ನೂರಿನಲ್ಲಿ. ಎರಡು ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಾಳೆ, ಎರಡು ದಿನ ಇದ್ದು ಹೋಗುತ್ತಾಳೆ. ಮೂರನೆಯ ದಿನದಿಂದ ಮನೆಯಲ್ಲಿ ನನ್ನೊಂದಿಗೆ ಮಾತಾಡುವುದು ಕುಕ್ಕರ್ ಒಂದೇ. ಅದನ್ನೂ ಮೂರೇ ಸೀಟಿಗೆ ಇಳಿಸಬೇಕು!

"ಬಾಟಲಿ ನೀರಾಗಿದ್ದ ಮನಿಪ್ಲಾಂಟ್ ಒಣಗಿಸಿದ ಗಂಡಸು ನೀವು. ಮೆಣಸಿನಕಾಯಿ ಬೆಳೀತೀರೇನು?" ಎಂದಳು.

"ಅದು ತಾನ ಸತ್ತಿದ್ದು. ಅದಕ್ಕ ನಾ ಏನ ಮಾಡ್ಲಿ?"

"ನಮ್ಮ ಅಬ್ಬಾ ಮೇಡ್ಲೇರ್ಯಾಗ ನಲವತ್ತು ವರ್ಷ ಮೆಣಸಿನಕಾಯಿ ಬೆಳದಾರ. ಅವರನ್ನರ ಕೇಳಿ ಮಾಡ್ರಿ."

"ನಾ ಯಾಕ ಕೇಳ್ಲಿ? ಅರ್ಧ ತಾಲೂಕಿಗೆ ನಾನ ಹೇಳ್ತೇನಿ!"

ಇದು ಸುಳ್ಳಲ್ಲ. ನಾನು ಬೀಜದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಯಾವ ಸಸಿಯನ್ನು ಎಷ್ಟು ಅಂತರದಲ್ಲಿ ನೆಡಬೇಕು, ಯಾವ ಹುಳಕ್ಕೆ ಯಾವ ಔಷಧಿ ಎಂದು ದಿನಕ್ಕೆ ನೂರು ಜನ ರೈತರಿಗೆ ಉಪದೇಶ ಮಾಡುತ್ತೇನೆ. ಆದರೆ ಮುಚ್ಚುಮರೆ ಯಾಕೆ, ಅಂದಿನತನಕ ನನ್ನ ಉಗುರಿಗೆ ಒಂದು ಚಿಟಿಕೆ ಮಣ್ಣು ಹತ್ತಿರಲಿಲ್ಲ. ಅಂಗಡಿಯಲ್ಲಿ ಇಲಿ ಕಡಿದು ಹೆಸರಿನ ಭಾಗ ಹಾರಿಹೋಗಿದ್ದ ಒಂದು ಬೀಜದ ಪಾಕೀಟು ಬಿದ್ದಿತ್ತು. ಕೆಂಪು ಕಾಯಿಯ ಚಿತ್ರವಂತೂ ಉಳಿದಿತ್ತು. ಸಾಹುಕಾರ ಪ್ರಭುಲಿಂಗಪ್ಪನವರನ್ನು ಕೇಳಿ ಅದನ್ನೇ ತಂದೆ. ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ತಳ ತೂತಾದ ಕೊಡ ಎಲ್ಲ ಸೇರಿಸಿ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಹದಿನೆಂಟು ಸಸಿಗಳ ಸಾಮ್ರಾಜ್ಯ ಸ್ಥಾಪನೆಯಾಯಿತು!

ಗಿಡಗಳು ಬೆಳೆದವು. ನನಗೂ ಒಂದು ಚಟ ಬೆಳೆಯಿತು. ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮಾಳಿಗೆಗೆ ಹೋಗಿ, "ಏನ್ರಪಾ, ಎಲ್ಲಾರೂ ಆರಾಮೇನು? ಮಧ್ಯಾಹ್ನ ಬಿಸಲು ಭಾಳ ಆಗಿತ್ತೇನು?" ಎಂದು ಕೇಳುತ್ತಿದ್ದೆ. ಕೆಳಮನೆಯ ಪ್ರೇಮವ್ವ ಮೊದಮೊದಲು ನನಗೆ ನೆಂಟರು ಬಂದಿದ್ದಾರೆಂದೇ ತಿಳಿದಿದ್ದಳಂತೆ. ನವೆಂಬರಿನಲ್ಲಿ ನಾಲ್ಕು ಗಿಡದ ಎಲೆ ಮುರುಟಿಕೊಂಡಾಗ ನನಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದೆ.

"ಯಾಕೋ ನಯಾಜ?" ಎಂದರು ಪ್ರಭುಲಿಂಗಪ್ಪನವರು.

"ಬೆಳಿಗೆ ರೋಗ ಬಂದೈತ್ರಿ ಸಾಹುಕಾರ್ರ."

"ಎಷ್ಟು ಎಕರೆ?"

"ನಾಕು ಬಕೆಟ್ಟು."

ಅವರು ಅಂದು ಮಧ್ಯಾಹ್ನದವರೆಗೆ ಬಂದ ರೈತರಿಗೆಲ್ಲ ಇದನ್ನು ಹೇಳಿ ಹೇಳಿ ನಕ್ಕರು. ನಾನು ಮಾತ್ರ ನಗಲಿಲ್ಲ. ಆ ನಾಲ್ಕು ಸತ್ತರೆ ಸಂಜೆ ಮಾತಾಡಿಸಲು ಹದಿನಾಲ್ಕೇ ಉಳಿಯುತ್ತವಲ್ಲ! ದೇವರು ದೊಡ್ಡವನು, ನಾಲ್ಕೂ ಚೇತರಿಸಿಕೊಂಡವು.

ಫೆಬ್ರವರಿಯಲ್ಲಿ ಗಿಡದ ತುಂಬ ಕೆಂಪು ಕಾಯಿ. ರಂಜಾನ್ ತಿಂಗಳೂ ಶುರುವಾಗಿತ್ತು. ಇಫ್ತಾರಿನ ಹೊತ್ತಿಗೆ ಒಂದು ತಟ್ಟೆಯಲ್ಲಿ ಎರಡು ಖರ್ಜೂರ, ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಫೋನು. ಅವಳು ಅಲ್ಲಿ ರೋಜಾದ ಉಪವಾಸ ಬಿಡುತ್ತಿದ್ದಳು, ನಾನು ಇಲ್ಲಿ. ಅಂಥ ಒಂದು ಸಂಜೆ ಅವಳು ಖರ್ಜೂರದ ಬೀಜ ತೆಗೆಯುತ್ತ ಕೇಳಿದಳು:

"ವರ್ಗಾವಣಿ ಬಿಟ್ಟಾರ್ರಿ. ಆ ಕಡೆ ಬರಾಕ ಅರ್ಜಿ ಹಾಕಬಹುದು. ಬಂದ್ರ ನನ್ನ ಸೀನಿಯಾರಿಟಿ ಪೂರಾ ಹೋಗ್ತೈತಿ, ಮತ್ತ ಮೊದಲಿಂದ ಎಣಿಸಬೇಕು. ಇನ್ನ ಎರಡು ವಾರಕ್ಕ, ಸೋಮವಾರ, ಕಡೀ ದಿನ. ನೀವೇನಂತೀರಿ?"

ಓದುಗರೇ, ಇಂಥ ಪ್ರಶ್ನೆಗೆ ಬುದ್ಧಿಯಿದ್ದ ಗಂಡ ಏನು ಹೇಳುತ್ತಾನೆ? 'ಬಾ' ಎನ್ನುತ್ತಾನೆ. ಒಂದೇ ಅಕ್ಷರ! ನಾನು ಹೇಳಿದ್ದು ಇದು: "ನನ್ನ ಸಲುವಾಗಿ ಏನೂ ಹಾಕಬ್ಯಾಡ. ನಾ ಇಲ್ಲೆ ರಾಜಾ ಇದ್ದಂಗ ಅದೇನಿ. ಹದಿನೆಂಟು ಗಿಡ ಅದಾವು, ಹೊತ್ತು ಹೋಗಿದ್ದ ಗೊತ್ತಾಗಂಗಿಲ್ಲ."

"ಖರೇನ?"

"ಖರೇನ!"

"ಹಂಗಾರ ಬಿಡ್ರಿ," ಎಂದು ಅವಳು ಬೇಗನೆ ಫೋನಿಟ್ಟಳು. ನಾನು ತಟ್ಟೆ ತೊಳೆದಿಟ್ಟೆ. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದೆ.

ಮರುದಿನ ಕೊಯ್ಲು. ಐದು ಕಿಲೋ ಹಸಿಹಣ್ಣು! ಬೇನಜೀರಳ ಹಳೆಯದೊಂದು ಹಸಿರು ಸೀರೆ ಹಾಸಿ ಮಾಳಿಗೆಯ ಮೇಲೆ ಒಣಹಾಕಿದೆ. ಸಂಜೆ ಇಬ್ಬನಿಗೆ ಹೊದಿಸುವುದು, ಬೆಳಿಗ್ಗೆ ಬಿಚ್ಚುವುದು, ಕೈಯಾಡಿಸುವುದು. ಬ್ಯಾಡಗಿ ಪೇಟೆಯ ವರ್ತಕರೂ ತಮ್ಮ ಮಾಲನ್ನು ಇಷ್ಟು ಮುದ್ದು ಮಾಡಿರಲಿಕ್ಕಿಲ್ಲ. ಎಂಟು ದಿನ ಎಲ್ಲ ಚೆನ್ನಾಗಿತ್ತು. ಒಂಬತ್ತನೆಯ ದಿನ ಬುಧವಾರ, ಮಟಮಟ ಮಧ್ಯಾಹ್ನ, ಹೇಳದೆ ಕೇಳದೆ ಮೋಡ ಕವಿದು ಹನಿ ಉದುರತೊಡಗಿತು. ನಾನು ಗೋವಿನಜೋಳದ ಬೀಜ ತೂಗುತ್ತಿದ್ದವನು ತಕ್ಕಡಿ ಬಿಟ್ಟು ಓಡಿದೆ. ಸೀರೆಸಮೇತ ಕಾಯಿ ಬಾಚಿಕೊಂಡು ಕೆಳಗಿಳಿದೆ. ಆದರೆ ಹಾಕುವುದೆಲ್ಲಿ? ಅಡುಗೆಮನೆ ತಂಪು, ಪಡಸಾಲೆಯ ಹಂಚು ಸೋರುತ್ತದೆ. ಫ್ಯಾನ್ ಇರುವುದು ಮಲಗುವ ಕೋಣೆಯಲ್ಲಿ ಮಾತ್ರ. ಅಲ್ಲಿ ದೊಡ್ಡ ಮಂಚ, ಮಂಚದ ಅರ್ಧ ಭಾಗ ಒಂದೂವರೆ ವರ್ಷದಿಂದ ಖಾಲಿ. ಅಲ್ಲೇ ಸೀರೆ ಹಾಸಿ, ಕಾಯಿ ಹರಡಿ, ಫ್ಯಾನ್ ಐದಕ್ಕೆ ಇಟ್ಟೆ!

ಸಂಜೆ ಫೋನಿನಲ್ಲಿ ಬೇನಜೀರ ಕಣ್ಣರಳಿಸಿದಳು. "ನನ್ನ ಜಾಗಾದಾಗ ಕೆಂಪಗ ಅದೇನ್ರಿ?"

"ಮೆಣಸಿನಕಾಯಿ. ಮಳಿ ಬಂತು, ಒಳಗ ಹಾಕೇನಿ."

"ನನ್ನ ಜಾಗಾ ಕೊಟ್ಟಬಿಟ್ರೇನು?"

"ಖಾಲಿನ ಇತ್ತಲ್ಲ!" ಎಂದು ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಫೋನಿಟ್ಟ ಮೇಲೆ ಕಾಯಿ ತಿರುವಿಹಾಕಲು ಕೂತೆ. ಅವಳ ಸೀರೆ, ಅವಳ ಜಾಗ. ಅಷ್ಟು ಹೊತ್ತಿಗೆ ಕಣ್ಣಲ್ಲಿ ದಳದಳ ನೀರು. ಅಬ್ಬಾ, ಏನು ಘಾಟು ಇವಕ್ಕೆ, ನನ್ನ ಬೆಳೆ ಎಂದರೆ ಸುಮ್ಮನೆಯೇ ಎಂದುಕೊಂಡು ಸೀರೆಯ ಸೆರಗಿನಿಂದಲೇ ಒರೆಸಿಕೊಂಡೆ.

ಮೋಡ ಮೂರು ದಿನ ಸರಿಯಲಿಲ್ಲ. ನನ್ನ ಕಣ್ಣೂ ಹಾಗೆಯೇ. ಗುರುವಾರ ಪ್ರೇಮವ್ವ ಇಫ್ತಾರಿಗೆಂದು ಕಲ್ಲಂಗಡಿ ಹೆಚ್ಚಿ ತಂದವಳು ಬಾಗಿಲಲ್ಲೇ ನಿಂತಳು. ನಾನು ಮಂಚದ ಪಕ್ಕ ನೆಲಕ್ಕೆ ಕೂತು ಹೆಂಡತಿಯ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದೆ.

"ಯಾಕ ತಮ್ಮಾ, ಏನಾತು?"

"ಖಾರ ಪ್ರೇಮಕ್ಕ. ಮೆಣಸಿನಕಾಯಿ ಘಾಟು."

"ಹೌದಪಾ, ಖಾರ," ಎಂದಳು ಪ್ರೇಮವ್ವ, ಸತ್ತವರ ಮನೆಗೆ ಬಂದವಳ ದನಿಯಲ್ಲಿ. ತಟ್ಟೆ ಇಟ್ಟು ಸಪ್ಪಳವಾಗದಂತೆ ಹೋದಳು. ಹೋದವಳು ಬೇನಜೀರಳಿಗೆ ಫೋನ್ ಮಾಡಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಪ್ರೇಮವ್ವ ಯಾಕಾದಾಳು? ತರಕಾರಿ ಗಾಡಿಯ ಹತ್ತಿರವೂ ಹೇಳಿದಳು.

ಶುಕ್ರವಾರ ಮಸೀದಿಯಲ್ಲಿ ಹಿರಿಯರಾದ ಫಕ್ಕೀರಸಾಬರು ನನ್ನ ಬೆನ್ನು ಸವರಿದರು. "ಸಬೂರಿ ಇರ್ಲಿ ತಮ್ಮಾ. ನಾಕು ಮಂದಿ ಹಿರ್ಯಾರು ಕುಂತು ಮಾತಾಡಿದ್ರ ಎಲ್ಲಾ ಸರಿ ಆಗ್ತೈತಿ."

"ಏನ್ ಸರಿ ಆಗ್ಬೇಕ್ರಿ ಚಾಚಾ?"

"ಹೇಳಬ್ಯಾಡ, ಹೇಳಬ್ಯಾಡ. ನನಗ ಗೊತ್ತೈತಿ."

ಅಂಗಡಿಗೆ ಹೋದರೆ ಪ್ರಭುಲಿಂಗಪ್ಪನವರು, ಹಬ್ಬಕ್ಕೂ ರಜೆ ಕೊಡದ ಮಹಾನುಭಾವರು, "ಎರಡು ದಿನ ಮನ್ಯಾಗ ಇರು, ಮನಸ್ಸು ಹಗುರ ಆಗ್ಲಿ," ಎಂದರು. ಮನೆಗೆ ಬರುವಷ್ಟರಲ್ಲಿ ಮೇಡ್ಲೇರಿಯಿಂದ ಮಾವ ಮಹಮ್ಮದಗೌಸರ ಫೋನು.

"ಅಳಿಯಂದ್ರ, ನಮ್ಮ ಹುಡುಗಿ ಕಡಿಂದ ಏನರ ತಪ್ಪಾಗೇತೇನ್ರಿ?"

"ಅಯ್ಯ, ಏನೂ ಇಲ್ರಿ ಮಾವಾರ. ಇದೆಲ್ಲಾ ಮೆಣಸಿನಕಾಯಿದು!"

"ಮೆಣಸಿನಕಾಯಿ ಸಲುವಾಗಿ ಹೇಣ್ತೀನ್ನ ಬಿಡ್ತೀರೇನ್ರಿ?"

ನಾನು ಕಣ್ಣೊರೆಸಿಕೊಂಡು ಇಡೀ ರಾಣೇಬೆನ್ನೂರಿಗೆ ಅದೇ ಒಂದು ಮಾತು ಹೇಳುತ್ತ ತಿರುಗಿದೆ: ಖಾರ, ಖಾರ, ಖಾರ! ಹೇಳಿದಷ್ಟೂ ಜನರ ಮುಖದಲ್ಲಿ ಕನಿಕರ ಹೆಚ್ಚಾಯಿತು.

ಶನಿವಾರ ಮುಂಜಾನೆ ಬಾಗಿಲು ಬಡಿದ ಸಪ್ಪಳ. ತೆಗೆದರೆ ಬೇನಜೀರ! ಹೆಗಲಿಗೆ ಚೀಲ, ಕಣ್ಣಲ್ಲಿ ಬಸ್ಸಿನ ನಿದ್ದೆ.

"ರಜಾ ಹಾಕಿ ಬಂದೇನಿ. ಏನಾಗೇತ್ರಿ ನಿಮಗ? ನನ್ನ ಮುಖಾ ನೋಡಿ ಹೇಳ್ರಿ."

"ನನಗೇನ ಆಗೇತಿ? ಆ ಪ್ರೇಮಕ್ಕನ ಮಾತು ಕೇಳಿ ಬಂದ್ಯೇನು? ಬಾ, ಬಾ, ನನ್ನ ಬೆಳಿ ನೋಡು!"

ಅವಳು ಮಂಚದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ಬೀಜ ಗಿಲಿಗಿಲಿ ಅಂದವು. "ಒಣಗ್ಯಾವು," ಎಂದಳು. ನಲವತ್ತು ವರ್ಷ ಮೆಣಸಿನಕಾಯಿ ಬೆಳೆದವರ ಮಗಳ ಬಾಯಿಂದ ಬಂದ ಸರ್ಟಿಫಿಕೇಟ್! ನನ್ನ ಎದೆ ಬ್ಯಾಡಗಿಯ ಚೀಲದಂತೆ ಉಬ್ಬಿತು.

ಬಿಸಿಲೂ ಬಂದಿತ್ತು. ಸೀರೆಯ ಒಂದೊಂದು ತುದಿ ಹಿಡಿದು ಇಬ್ಬರೂ ಕಾಯಿಯನ್ನು ಮಾಳಿಗೆಗೆ ಸಾಗಿಸಿದೆವು. ಮಧ್ಯಾಹ್ನವಿಡೀ ಎದುರುಬದುರು ಕೂತು ತೊಟ್ಟು ಬಿಡಿಸಿದೆವು. ಇಬ್ಬರಿಗೂ ರೋಜಾ, ಆದ್ದರಿಂದ ನಾಲಿಗೆಗೆ ಹಚ್ಚಿ ನೋಡುವ ಹಾಗಿರಲಿಲ್ಲ. ಅವಳು ತನ್ನ ಶಾಲೆಯ ಮಕ್ಕಳ ಕತೆ ಹೇಳಿದಳು, ನಾನು ನಾಲ್ಕು ಬಕೆಟ್ಟಿನ ಕತೆ ಹೇಳಿದೆ. ನಡುನಡುವೆ ನನ್ನ ಮಾತಿಗೆ ಸಾಕ್ಷಿಯಿರಲೆಂದು ಆಕ್ಷೀ ಆಕ್ಷೀ ಎಂದು ಸೀನುತ್ತ, "ನೋಡು, ಎಷ್ಟು ಘಾಟೈತಿ!" ಎನ್ನುತ್ತಿದ್ದೆ. ಅಂಥ ಸುಖದ ಮಧ್ಯಾಹ್ನ ನನಗೆ ಆ ವರ್ಷ ಸಿಕ್ಕಿರಲಿಲ್ಲ.

ಸಂಜೆ ಅಜಾನ್ ಆಯಿತು. ಖರ್ಜೂರ ತಿಂದು, ನೀರು ಕುಡಿದು, ಬೇನಜೀರ ರಾಶಿಯಿಂದ ಒಂದು ಕಾಯಿ ಎತ್ತಿ ಕಚ್ಚಿದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಉಸಿರು ಹಿಡಿದೆ. ಅವಳು ಅಗಿದಳು. ಇನ್ನೊಂದನ್ನು ಕಚ್ಚಿದಳು. ಮೂರನೆಯದನ್ನು ಬೀಜದ ಸಮೇತ ನುಂಗಿದಳು.

"ನೀರ ಬೇಕೇನು?" ಎಂದು ಗ್ಲಾಸು ಹಿಡಿದೆ.

"ನೀರ ಯಾಕ? ಇದರಾಗ ಖಾರಾನ ಇಲ್ರಿ."

"ಏನಂದಿ?"

"ಇದು ಬರೇ ಬಣ್ಣಕ್ಕ ಬೆಳಿಯೋ ಕಾಯಿ. ಇದಕಿಂತ ಸವತಿಕಾಯಿ ಖಾರ ಐತಿ."

ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಸಪ್ಪೆ! ಇನ್ನೊಂದು. ಅದೂ ಸಪ್ಪೆ! ಅಷ್ಟರಲ್ಲಿ ಅವಳು ಕಾಯೊಂದನ್ನು ಮುರಿದು, ಬೆರಳಿಂದ ತಿಕ್ಕಿ, ಆ ಬೆರಳನ್ನು ತನ್ನ ಕಣ್ಣ ರೆಪ್ಪೆಗೇ ಸವರಿಕೊಂಡಳು. ನಾನು ಹೌಹಾರಿ ಕೈ ಹಿಡಿಯುವಷ್ಟರಲ್ಲಿ ಆಗಿಹೋಗಿತ್ತು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದಳು. ಒಂದು ಹನಿ ನೀರಿಲ್ಲ.

"ಹಂಗಾರ ಮೂರು ದಿನ ನಿಮ್ಮ ಕಣ್ಣಾಗ ನೀರು ಎಲ್ಲಿಂದ ಬಂತ್ರಿ?"

ನೀರಿನ ಟಾಕಿ ನೋಡಿದೆ, ಬೋಳಾದ ಹದಿನೆಂಟು ಗಿಡ ನೋಡಿದೆ. ಸೀನೋಣವೆಂದರೆ ಸೀನೂ ಬರಲಿಲ್ಲ. ನನಗೆ ಬಹಳ ಬೇಸರವಾಗಿತ್ತು, ಒಂದೂವರೆ ವರ್ಷದಿಂದ ಆಗಿತ್ತು, ಅಷ್ಟೇ ಸಂಗತಿ.

"ಅರ್ಜಿ ಹಾಕು, ಬೇನಜೀರ," ಎಂದೆ. "ಸೀನಿಯಾರಿಟಿ ಹೋದ್ರ ಹೋಗ್ಲಿ. ನನಗ ಒಬ್ಬನ ಇರಾಕ ಆಗವಲ್ದು."

ಅವಳು ತೊಟ್ಟಿನ ಕಸ ಮಡಿಲಿಂದ ಕೊಡವಿದಳು. ಈಗ ನೋಡಿದರೆ ಅವಳ ಕಣ್ಣಲ್ಲೂ ನೀರಿತ್ತು.

"ಇಷ್ಟ ಒಂದು ಮಾತು ಹೇಳಾಕ ಆರು ತಿಂಗಳ ಗಿಡಾ ಬೆಳಸಬೇಕಿತ್ತೇನ್ರಿ?"